ನಕ್ಷತ್ರ ಉದುರಿತು, ಅಂಗಡಿಯವನು ಅನಾಥನಾದ

(ನಾಯಕನಹಟ್ಟಿಯಲ್ಲಿ ಕನ್ನಡ ರಾಜ್ಯೋತ್ಸವದ ವೇಳೆ ಆಡಿದ ಮಾತುಗಳು. ಓದುಗರಿಗಾಗಿ ಬರಹಕ್ಕೆ ಇಳಿಸಿದ್ದು.)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಬಂದು ಕೂತವನು. ಬೇರೆಯವರ ಭಾಷಣವನ್ನು ಅಚ್ಚು ಹಾಕಿ ಕೊಟ್ಟು ಅಭ್ಯಾಸವಿದೆಯೇ ಹೊರತು ನಾನೇ ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲ. ಆದರೆ ಬೆಂಗಳೂರಿನಿಂದ ಬಂದ ಹುಡುಗರು ಒಂದು ಪ್ರಶ್ನೆ ಕೇಳಿ ನನ್ನ ನಿದ್ದೆ ಕೆಡಿಸಿದ್ದಾರೆ. "ಅಣ್ಣಾ, ರೈತರ ಹೆಸರು ಹೇಳುವ ಪಕ್ಷ ಇದೆ, ಕಾರ್ಮಿಕರ ಹೆಸರು ಹೇಳುವ ಪಕ್ಷ ಇದೆ, ಜಾತಿಗೊಂದು ಪಕ್ಷ ಇದೆ. ದುಡಿದು ಅಂಗಡಿ ನಡೆಸುವ ಕನ್ನಡಿಗನ ಪರವಾಗಿ ಒಂದು ಪಕ್ಷ ಯಾಕೆ ಇಲ್ಲ?"

ಇತ್ತು ಗೆಳೆಯರೇ! ಉದ್ಯಮಕ್ಕೆ, ವ್ಯಾಪಾರಕ್ಕೆ ಸ್ವಾತಂತ್ರ್ಯ ಬೇಕು ಎಂದು ಬಾಯಿ ಬಿಟ್ಟು ಹೇಳಿದ ಪಕ್ಷ ಒಂದು ಇತ್ತು. ಅದು ನಮ್ಮದೇ ಚಿತ್ರದುರ್ಗ ಲೋಕಸಭಾ ಕ್ಷೇತ್ರದಲ್ಲಿ ಗೆದ್ದಿತ್ತು. ಅದೂ ಎಂಥ ಹೊತ್ತಿನಲ್ಲಿ? ಇದೇ ಜಿಲ್ಲೆಯ ಮಗ ಎಸ್. ನಿಜಲಿಂಗಪ್ಪ ರಾಜ್ಯದ ಮುಖ್ಯಮಂತ್ರಿಯಾಗಿ ಕುಳಿತಿದ್ದಾಗ! ಹಾಗೆ ಗೆದ್ದ ಪಕ್ಷ ಐದು ವರ್ಷದೊಳಗೆ ಈ ರಾಜ್ಯದಲ್ಲಿ ಹೇಳ ಹೆಸರಿಲ್ಲದೆ ಹೋಯಿತು. ಯಾಕೆ? ಇವತ್ತು ನಾನು ಹೇಳಬೇಕಾದ್ದು ಅದೊಂದೇ.

ನನ್ನಂಥ ಮುದ್ರಕನಿಗೆ ಪಕ್ಷಗಳ ಹುಟ್ಟು ಸಾವು ಬೇಗ ಗೊತ್ತಾಗುತ್ತದೆ. ಚುನಾವಣೆಯ ಕರಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಮುದ್ರಕನ ಹೆಸರು, ವಿಳಾಸ ಇರುತ್ತದೆ, ನೋಡಿದ್ದೀರಾ? ಅದು ನಮ್ಮ ಜಂಬಕ್ಕೆ ಹಾಕಿದ್ದಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 127ಎ ಕಲಮು ಹಾಗೆ ಹಾಕಲೇಬೇಕು ಎನ್ನುತ್ತದೆ. ಅಚ್ಚು ಹಾಕಿಸಿದವನು ಇಬ್ಬರು ಸಾಕ್ಷಿಗಳೊಂದಿಗೆ ಘೋಷಣೆ ಬರೆದು ಕೊಡಬೇಕು. ಅದರ ಒಂದು ಪ್ರತಿ ಸರ್ಕಾರಕ್ಕೆ ಹೋಗಬೇಕು. ಹಾಗಾಗಿ ನನ್ನ ಕಪಾಟಿನಲ್ಲಿ ಈಗ ಇಲ್ಲದ ಪಕ್ಷಗಳ ಕಾಗದ ಬೇಕಾದಷ್ಟಿದೆ. ಪಕ್ಷ ಸತ್ತರೂ ಕೆಳಗೆ ನನ್ನ ಹೆಸರು ಮಾತ್ರ ಹಾಗೇ ಉಳಿದಿದೆ!

ಪರ್ಮಿಟ್ಟಿನ ಕಾಲ

ನಿಮ್ಮಲ್ಲಿ ಬಹಳಷ್ಟು ಜನ 1991ರ ನಂತರ ಹುಟ್ಟಿದವರು. ಪರ್ಮಿಟ್ ಎಂದರೆ ಆಟೋ ಪರ್ಮಿಟ್ ಎಂದುಕೊಂಡಿರುತ್ತೀರಿ. ನಮ್ಮ ಅಪ್ಪಂದಿರ ಕಾಲದಲ್ಲಿ ಪರ್ಮಿಟ್ ಎಂದರೆ ಉಸಿರು. ಮನೆ ಕಟ್ಟಲು ಸಿಮೆಂಟಿಗೆ ಪರ್ಮಿಟ್. ಸಕ್ಕರೆ, ಸೀಮೆಎಣ್ಣೆಗೆ ರೇಷನ್ ಚೀಟಿ. ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಟೆಲಿಫೋನಿಗೂ ಅದೇ ಪಾಡು. ಪತ್ರಿಕೆ ನಡೆಸುವವನಿಗೆ ಎಷ್ಟು ನ್ಯೂಸ್‌ಪ್ರಿಂಟ್ ಸಿಗಬೇಕೆಂದು ದೆಹಲಿ ಕೋಟಾ ಕೊಡುತ್ತಿತ್ತು. 1951ರ ಕೈಗಾರಿಕಾ ಕಾಯಿದೆಯ ಪ್ರಕಾರ ದೊಡ್ಡ ಕಾರ್ಖಾನೆ ತೆರೆಯಲು ಲೈಸೆನ್ಸ್, ಇದ್ದದ್ದನ್ನು ದೊಡ್ಡದು ಮಾಡಲು ಲೈಸೆನ್ಸ್, ಹೊಸ ಸರಕು ತಯಾರಿಸಲು ಮತ್ತೆ ಲೈಸೆನ್ಸ್. ಲೈಸೆನ್ಸ್ ಕೊಡುವ ಮೇಜು ದೆಹಲಿಯಲ್ಲಿ. ಆ ಮೇಜಿನ ಭಾಷೆ ಇಂಗ್ಲಿಷ್.

ಈ ಕಾಯಿದೆಗಳ ಹಿಂದೆ ಒಳ್ಳೆಯ ಉದ್ದೇಶ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ದೇಶ ಬಡವಾಗಿತ್ತು. ಇದ್ದದ್ದನ್ನು ಹಂಚಿಕೊಳ್ಳಬೇಕಿತ್ತು. ಆದರೆ ಹಂಚುವವನ ಕೈ ಎಲ್ಲಿ ಉದ್ದವಾಗುತ್ತದೋ ಅಲ್ಲಿ ಪಡೆಯುವವನ ಬೆನ್ನು ಬಾಗುತ್ತದೆ. ದೆಹಲಿಗೆ ಹೋಗಿ ಹೋಟೆಲಿನಲ್ಲಿ ಇಳಿದು ಫೈಲು ಸರಿಸಿಕೊಂಡು ಬರುವ ತಾಕತ್ತು ಯಾರಿಗಿತ್ತು? ಬೊಂಬಾಯಿ, ಕಲ್ಕತ್ತೆಯ ದೊಡ್ಡ ಮನೆತನಗಳಿಗೆ ಇತ್ತು. ಚಳ್ಳಕೆರೆಯ ಎಣ್ಣೆ ಗಿರಣಿಯವನಿಗೆ ಇತ್ತೇ? ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವನಿಗೆ ಇತ್ತೇ?

ಹೀಗಿರುವಾಗ 1959ರ ಜನವರಿಯಲ್ಲಿ ಕಾಂಗ್ರೆಸ್ಸು ನಾಗಪುರದ ಅಧಿವೇಶನದಲ್ಲಿ ಒಂದು ನಿರ್ಣಯ ಮಾಡಿತು. ಮುಂದಿನ ದಿನಗಳಲ್ಲಿ ರೈತರು ಜಮೀನು ಒಟ್ಟು ಮಾಡಿ ಸಹಕಾರಿ ಬೇಸಾಯ ಮಾಡಬೇಕು ಎಂದು. ರೈತನಿಗೂ ಹೆದರಿಕೆ ಹತ್ತಿತು, ವ್ಯಾಪಾರಿಗೂ ಹೆದರಿಕೆ ಹತ್ತಿತು. ಅದೇ ವರ್ಷ ಎಂಬತ್ತು ವರ್ಷದ ಒಬ್ಬ ಮುದುಕ ಎದ್ದು ನಿಂತರು. ಸಿ. ರಾಜಗೋಪಾಲಾಚಾರಿ. ಜನ ಕರೆಯುವಂತೆ ರಾಜಾಜಿ. ಎಂಬತ್ತರಲ್ಲಿ ಮೊಮ್ಮಕ್ಕಳನ್ನು ಆಡಿಸುವ ಬದಲು ನೆಹರೂ ವಿರುದ್ಧ ಪಕ್ಷ ಕಟ್ಟಿದರು. ಅದೇ ಸ್ವತಂತ್ರ ಪಕ್ಷ. ಅಧ್ಯಕ್ಷರು ಆಂಧ್ರದ ರೈತ ನಾಯಕ ಎನ್.ಜಿ. ರಂಗಾ. ಪ್ರಧಾನ ಕಾರ್ಯದರ್ಶಿ ಬೊಂಬಾಯಿಯ ಮೀನೂ ಮಸಾನಿ. ಗುರುತು ನಕ್ಷತ್ರ. "ಪರ್ಮಿಟ್ ಲೈಸೆನ್ಸ್ ರಾಜ್" ಎಂಬ ಮಾತನ್ನು ದೇಶದ ಬಾಯಿಗೆ ಹಾಕಿದವರೇ ರಾಜಾಜಿ.

ಈ ರಾಜಾಜಿ ನಮಗೆ ದೂರದವರೇನೂ ಅಲ್ಲ. ಹುಟ್ಟಿದ್ದು ಹೊಸೂರು ಸೀಮೆಯ ತೊರಪಳ್ಳಿಯಲ್ಲಿ. ಇವತ್ತಿಗೂ ಕನ್ನಡ ಕಿವಿಗೆ ಬೀಳುವ ಸೀಮೆ ಅದು. ಕಾಲೇಜು ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ.

ದುರ್ಗದಲ್ಲಿ ನಕ್ಷತ್ರ

ಪಕ್ಷ ಏರಿದ ಬಗೆ ನೋಡಿ. 1962ರಲ್ಲಿ ಲೋಕಸಭೆಯಲ್ಲಿ 18 ಸ್ಥಾನ. 1967ರಲ್ಲಿ 44 ಸ್ಥಾನ. ಕಾಂಗ್ರೆಸ್ ಬಿಟ್ಟರೆ ಲೋಕಸಭೆಯಲ್ಲಿ ಅತಿ ದೊಡ್ಡ ಪಕ್ಷ ಅದೇ! ಒರಿಸ್ಸಾದಲ್ಲಿ ಅದರ ಮುಖ್ಯಮಂತ್ರಿ, ಗುಜರಾತಿನಲ್ಲಿ ಅದೇ ಮುಖ್ಯ ವಿರೋಧ ಪಕ್ಷ. ನಮ್ಮಲ್ಲಿ, ಅಂದರೆ ಆಗಿನ ಮೈಸೂರು ರಾಜ್ಯದಲ್ಲಿ, ವಿಧಾನಸಭೆಗೆ 1962ರಲ್ಲಿ 9 ಜನ, 1967ರಲ್ಲಿ 16 ಜನ ಗೆದ್ದರು. ಲೋಕಸಭೆಗೆ 27ರಲ್ಲಿ 5 ಸ್ಥಾನ ಬಂತು. ಆ ಐದರಲ್ಲಿ ಒಂದು ಚಿತ್ರದುರ್ಗ.

ಗೆದ್ದವರು ಜಗಳೂರಿನ ಜೆ. ಮಹಮದ್ ಇಮಾಂ. ಆಗ ಜಗಳೂರು ನಮ್ಮ ಜಿಲ್ಲೆಯಲ್ಲೇ ಇತ್ತು. ದಾವಣಗೆರೆ ಜಿಲ್ಲೆಗೆ ಹೋದದ್ದು 1997ರಲ್ಲಿ. ಮುಖ್ಯಮಂತ್ರಿಯ ತವರು ಜಿಲ್ಲೆಯಲ್ಲಿ ಕಾಂಗ್ರೆಸ್ಸನ್ನು ಸೋಲಿಸಿದ ಇಮಾಂ ಅವರನ್ನು ನೆನೆಯಲು ನಮಗೆ ಹೆಮ್ಮೆ ಇರಬೇಕು. ಹೆಸರು ನೋಡಿ ಓಟು ಹಾಕುವ ಈ ಕಾಲದವರು ಇದನ್ನು ಎರಡು ಸಲ ಓದಿಕೊಳ್ಳಲಿ!

ಆದರೆ ಇಲ್ಲೇ ಒಂದು ಸೂಕ್ಷ್ಮ ಇದೆ. ಇದೇ ಇಮಾಂ 1957ರಲ್ಲೂ ಇದೇ ಚಿತ್ರದುರ್ಗದಿಂದ ಲೋಕಸಭೆಗೆ ಗೆದ್ದಿದ್ದರು. ಯಾವ ಪಕ್ಷದಿಂದ? ಪ್ರಜಾ ಸೋಷಲಿಸ್ಟ್ ಪಕ್ಷದಿಂದ. ಹತ್ತು ವರ್ಷದ ಅಂತರದಲ್ಲಿ ಅದೇ ವ್ಯಕ್ತಿ, ಅದೇ ಕ್ಷೇತ್ರ, ಸಮಾಜವಾದದ ಪಕ್ಷದಿಂದಲೂ ಗೆಲುವು, ಸಮಾಜವಾದವನ್ನು ವಿರೋಧಿಸುವ ಪಕ್ಷದಿಂದಲೂ ಗೆಲುವು! ಹಾಗಾದರೆ ದುರ್ಗದ ಜನ ಓಟು ಹಾಕಿದ್ದು ಯಾವ ಸಿದ್ಧಾಂತಕ್ಕೆ? ಸಿದ್ಧಾಂತಕ್ಕಲ್ಲ ಗೆಳೆಯರೇ. ಹತ್ತಿರದಿಂದ ಬಲ್ಲ ಮನುಷ್ಯನಿಗೆ, ಮತ್ತು ಕಾಂಗ್ರೆಸ್ಸಿನ ಮೇಲಿನ ಸಿಟ್ಟಿಗೆ. ಲೈಸೆನ್ಸ್ ರಾಜ್ಯ ಹೋಗಬೇಕು, ಅಂಗಡಿಯವನು ಉಸಿರಾಡಬೇಕು ಎಂಬ ಮಾತು ಜನರ ಮನಸ್ಸಿಗೆ ಇಳಿದೇ ಇರಲಿಲ್ಲ. ಬೇರಿಲ್ಲದ ಗಿಡಕ್ಕೆ ಹೂ ಬಂದಿತ್ತು, ಅಷ್ಟೇ.

ಬಿದ್ದದ್ದು ಹೇಗೆ

ಬೇರಿಲ್ಲದ ಗಿಡ ಮೊದಲ ಗಾಳಿಗೇ ಬೀಳುತ್ತದೆ. ಗಾಳಿ ಬಂದದ್ದು 1969ರಲ್ಲಿ. ಜುಲೈ 19ರಂದು ಇಂದಿರಾ ಗಾಂಧಿ 14 ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದರು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ಅದರಲ್ಲಿದ್ದವು. ಸ್ವತಂತ್ರ ಪಕ್ಷದ ನಾಯಕರಲ್ಲಿ ಒಬ್ಬರಾದ ಆರ್.ಸಿ. ಕೂಪರ್ ಷೇರುದಾರನಾಗಿ ಸುಪ್ರೀಂ ಕೋರ್ಟಿಗೆ ಹೋದರು. 1970ರ ಫೆಬ್ರುವರಿ 10ರಂದು ಗೆದ್ದೂ ಬಿಟ್ಟರು. ಆದರೆ ಕೆಲವೇ ದಿನಗಳಲ್ಲಿ ಸರ್ಕಾರ ಹೊಸ ಸುಗ್ರೀವಾಜ್ಞೆ ತಂದು ಬ್ಯಾಂಕುಗಳನ್ನು ಮತ್ತೆ ತೆಗೆದುಕೊಂಡಿತು.

ಕೋರ್ಟಿನಲ್ಲಿ ಗೆದ್ದ ಪಕ್ಷ ಬೀದಿಯಲ್ಲಿ ಸೋತಿತು. ಯಾಕೆ ಗೊತ್ತೇ? ಅಂಗಡಿಯವನ ಲೆಕ್ಕ ಬಹಳ ಸರಳ. ಅವನಿಗೆ ಲೈಸೆನ್ಸ್ ಬೇಡ, ಸಾಲ ಬೇಕು. ಬ್ಯಾಂಕಿನ ಬಾಗಿಲು ತನ್ನಂಥವನಿಗೂ ತೆರೆಯುತ್ತದೆ ಎಂದು ಕೇಳಿದ ದಿನ ಹಳ್ಳಿಯ ಸಣ್ಣ ವ್ಯಾಪಾರಿ, ಟೈಲರು, ಪ್ರೆಸ್ಸಿನವನು ಕಿವಿ ನಿಮಿರಿಸಿದ. ಆ ಹೊತ್ತಿನಲ್ಲಿ "ವ್ಯಾಪಾರದ ಪಕ್ಷ" ಎಲ್ಲಿ ನಿಂತಿತ್ತು? ಬ್ಯಾಂಕಿನ ಷೇರುದಾರನ ಪಕ್ಕದಲ್ಲಿ! ಕಾನೂನಿನ ಮಾತು ಸರಿಯಿದ್ದೀತು. ಕೋರ್ಟೇ ಸರಿ ಎಂದಿತು. ಆದರೆ ಸಾಲ ಕೇಳುವವನ ಕಣ್ಣಿಗೆ ಕಂಡದ್ದು, ಈ ಪಕ್ಷ ನನ್ನದಲ್ಲ, ಸಾಹುಕಾರನದು ಎಂಬುದು.

ಅದರ ಮೇಲೆ ರಾಜಧನದ ಗಲಾಟೆ. ಮಾಜಿ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನವನ್ನು ನಿಲ್ಲಿಸುವ ಮಾತು ಬಂದಾಗ, ಜೈಪುರದ ಮಹಾರಾಣಿ ಗಾಯತ್ರಿ ದೇವಿಯಂಥವರನ್ನು ಮುಂದಿಟ್ಟುಕೊಂಡಿದ್ದ ಪಕ್ಷ ಬಡವರ ಮುಂದೆ ಏನು ಹೇಳೀತು? ಇನ್ನು ಹಣದ ಮಾತು. 1961ರಲ್ಲಿ ಟಾಟಾ ಸಂಸ್ಥೆಯ ಜೆ.ಆರ್.ಡಿ. ಟಾಟಾ ಕಾಂಗ್ರೆಸ್ಸಿಗೂ ಕೊಡುತ್ತೇವೆ, ಸ್ವತಂತ್ರ ಪಕ್ಷಕ್ಕೂ ಕೊಡುತ್ತೇವೆ ಎಂದು ನಿರ್ಧರಿಸಿದ್ದರು. 1969ರಲ್ಲಿ ಕಂಪನಿಗಳು ಪಕ್ಷಗಳಿಗೆ ದೇಣಿಗೆ ಕೊಡುವುದನ್ನೇ ಸರ್ಕಾರ ನಿಷೇಧಿಸಿತು. ಕಾಂಗ್ರೆಸ್ಸಿಗೆ ಅಧಿಕಾರ ಇತ್ತು, ಬೇರೆ ದಾರಿ ಇತ್ತು. ಕಂಪನಿ ದೇಣಿಗೆಯನ್ನು ನಂಬಿದ ಸಣ್ಣ ಪಕ್ಷಕ್ಕೆ ಎಲ್ಲಿತ್ತು? ಹಳ್ಳಿ ಹಳ್ಳಿಯಲ್ಲಿ ಎಂಟಾಣೆ ಚಂದಾ ಎತ್ತಿ ಕಟ್ಟಿದ ಪಕ್ಷವಾಗಿದ್ದರೆ ಕಾಯಿದೆ ಬಂದರೂ ಬದುಕುತ್ತಿತ್ತು.

1971ರಲ್ಲಿ ಮಹಾ ಮೈತ್ರಿಕೂಟ ಮಾಡಿದರು. ಜನಸಂಘ, ಸಂಯುಕ್ತ ಸೋಷಲಿಸ್ಟರು, ಸಂಸ್ಥಾ ಕಾಂಗ್ರೆಸ್ಸು, ಜೊತೆಗೆ ಸ್ವತಂತ್ರ ಪಕ್ಷ. ಸಂಸ್ಥಾ ಕಾಂಗ್ರೆಸ್ಸು ಎಂದರೆ ಯಾರದು? ನಮ್ಮ ನಿಜಲಿಂಗಪ್ಪನವರು ಕಟ್ಟಿ ನಿಲ್ಲಿಸಿದ್ದು! 1967ರಲ್ಲಿ ಯಾರ ಸರ್ಕಾರದ ವಿರುದ್ಧ ಓಟು ಕೇಳಿದ್ದರೋ ಅವರದೇ ಕೈ ಹಿಡಿದು 1971ರಲ್ಲಿ ಓಟು ಕೇಳಲು ಬಂದರು. ಜನ ನಕ್ಕರು. ಇಂದಿರಾ ಕಾಂಗ್ರೆಸ್ಸು ನಮ್ಮ ರಾಜ್ಯದ 27ಕ್ಕೆ 27 ಸ್ಥಾನವನ್ನೂ ಬಾಚಿಕೊಂಡಿತು. ಚಿತ್ರದುರ್ಗದಲ್ಲಿ ಗೆದ್ದವರು ಕಾಂಗ್ರೆಸ್ಸಿನ ಕೊಂಡಜ್ಜಿ ಬಸಪ್ಪ. ದೇಶದಲ್ಲಿ ಸ್ವತಂತ್ರ ಪಕ್ಷ 44ರಿಂದ 8ಕ್ಕೆ ಇಳಿಯಿತು. 1972ರ ವಿಧಾನಸಭೆಯಲ್ಲಿ ನಮ್ಮ ರಾಜ್ಯದಲ್ಲಿ ಅದಕ್ಕೆ ಸೊನ್ನೆ. ಅದೇ ವರ್ಷದ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು. 1974ರಲ್ಲಿ ಪಕ್ಷ ಚರಣ್ ಸಿಂಗರ ಭಾರತೀಯ ಲೋಕದಳದಲ್ಲಿ ಕರಗಿತು. ಹದಿನೈದು ವರ್ಷದ ಆಯಸ್ಸು ಮುಗಿಯಿತು.

ಯಾವ ಭಾಷೆಯಲ್ಲಿ ಕೇಳಿದರು?

ಪುಸ್ತಕ ಬರೆಯುವವರು ಬ್ಯಾಂಕು, ರಾಜಧನ, ಮೈತ್ರಿ ಎಂದು ಕಾರಣ ಹೇಳುತ್ತಾರೆ. ಅವೆಲ್ಲ ನಿಜ. ನಾನು ಅಕ್ಷರ ಜೋಡಿಸುವವನು. ನನಗೆ ಇನ್ನೊಂದು ಕಾರಣ ಕಾಣುತ್ತದೆ. ಈ ಪಕ್ಷ ಯಾವ ಭಾಷೆಯಲ್ಲಿ ಯೋಚನೆ ಮಾಡಿತು?

ರಾಜಾಜಿ ಮದರಾಸಿನ ಪ್ರಧಾನಿಯಾಗಿದ್ದಾಗ 1938ರಲ್ಲಿ ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿ ಜನರ ಸಿಟ್ಟಿಗೆ ಗುರಿಯಾದವರು. ಮುಂದೆ ಅವರೇ ಹಿಂದಿ ಹೇರಿಕೆಯನ್ನು ಗಟ್ಟಿಯಾಗಿ ವಿರೋಧಿಸಿದರು. ತಪ್ಪು ತಿದ್ದಿಕೊಂಡ ಹಿರಿಯರಿಗೆ ನಮಸ್ಕಾರ. ಆದರೆ ಹಿಂದಿಯ ಜಾಗದಲ್ಲಿ ಅವರು ಏನನ್ನು ಕೇಳಿದರು? ಇಂಗ್ಲಿಷನ್ನು! ಅವರ ಆರ್ಥಿಕ ವಾದವೆಲ್ಲ ದೇಶಕ್ಕೆ ಹರಡಿದ್ದು "ಸ್ವರಾಜ್ಯ" ಎಂಬ ಇಂಗ್ಲಿಷ್ ವಾರಪತ್ರಿಕೆಯ ಮೂಲಕ. ಮಸಾನಿಯವರ ಮಾತು ಬೊಂಬಾಯಿಯ ಸಭಾಂಗಣಗಳ ಇಂಗ್ಲಿಷ್ ಮಾತು. ಓದಿದವರಿಗೆ ಅದು ಸೊಗಸು. ಚಳ್ಳಕೆರೆಯ ಸಂತೆಯಲ್ಲಿ ಕಂಬಳಿ ಮಾರುವವನಿಗೆ?

ಲೈಸೆನ್ಸ್ ರಾಜ್ಯದ ನೋವು ಹೆಚ್ಚು ತಿಂದವನು ಇಂಗ್ಲಿಷ್ ಬಾರದ ವ್ಯಾಪಾರಿ. ಫಾರಂ ತುಂಬಲು ಬಾರದವನು, ಗುಮಾಸ್ತನ ಮುಂದೆ ಕೈ ಕಟ್ಟಿ ನಿಂತವನು, ದಲ್ಲಾಳಿಗೆ ದುಡ್ಡು ಸುರಿದವನು. ಅವನ ನೋವಿಗೆ ಮದ್ದು ಕೊಡುತ್ತೇವೆ ಎಂದವರು ಮದ್ದಿನ ಚೀಟಿಯನ್ನೂ ಇಂಗ್ಲಿಷಿನಲ್ಲೇ ಬರೆದರು! ಲೈಸೆನ್ಸು ಕೊಡುವ ಮೇಜೂ ಇಂಗ್ಲಿಷು, ಲೈಸೆನ್ಸು ಬೇಡ ಎನ್ನುವ ವೇದಿಕೆಯೂ ಇಂಗ್ಲಿಷು. ನಡುವೆ ಕನ್ನಡದ ಅಂಗಡಿಯವನು ಬೆಪ್ಪಾಗಿ ನಿಂತ.

ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಕೆಲವು ವರ್ಷದ ಹಿಂದೆ ಒಂದು ಕಚೇರಿಗೆ ನನ್ನ ಪ್ರೆಸ್ಸಿನ ಅರ್ಜಿಯನ್ನು ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. ಅಲ್ಲಿನವರು ಬೈಯಲಿಲ್ಲ, ನಗಲೂ ಇಲ್ಲ. "ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿಕೊಂಡು ಬನ್ನಿ" ಎಂದು ಕಾಗದ ಮೆಲ್ಲಗೆ ವಾಪಸು ಸರಿಸಿದರು. ಅಕ್ಷರವೇ ಅನ್ನ ಎಂದುಕೊಂಡು ಬದುಕಿದವನು ನಾನು. ಊರಿಗೆಲ್ಲ ಅಚ್ಚು ಹಾಕಿ ಕೊಡುವವನು ನನ್ನ ಅರ್ಜಿ ಟೈಪು ಮಾಡಿಸಲು ಇನ್ನೊಬ್ಬನ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ನಿಂತೆ. ಆ ದಿನ ನನಗೆ ಅರ್ಥವಾಯಿತು. ಭಾಷೆ ಎಂಬುದು ನವೆಂಬರಿನ ಬಾವುಟ ಮಾತ್ರ ಅಲ್ಲ, ಅದು ದಿನದ ಖರ್ಚು!

ಸತ್ತ ಮೇಲೆ ಗೆದ್ದ ಪಕ್ಷ

ವಿಚಿತ್ರ ನೋಡಿ. ಪಕ್ಷ ಸತ್ತು ಹದಿನೇಳು ವರ್ಷಕ್ಕೆ, 1991ರ ಜುಲೈ 24ರಂದು, ಕೇಂದ್ರ ಸರ್ಕಾರ ಬಹುಪಾಲು ಕೈಗಾರಿಕೆಗಳಿಗೆ ಲೈಸೆನ್ಸೇ ಬೇಡ ಎಂದಿತು. ರಾಜಾಜಿ ಕೇಳಿದ್ದನ್ನು ಕಾಂಗ್ರೆಸ್ ಸರ್ಕಾರವೇ ಕೊಟ್ಟಿತು! ಹಾಗಾದರೆ ಅಂಗಡಿಯವನು ಗೆದ್ದನೇ?

ಚಳ್ಳಕೆರೆಗೆ ಹೋಗಿ ಕೇಳಿ. ಶೇಂಗಾ ಎಣ್ಣೆ ಗಿರಣಿಗಳಿಂದ "ಎಣ್ಣೆ ನಗರ" ಎಂದು ಹೆಸರಾದ ಊರು. 1994ರಲ್ಲಿ ತಾಳೆ ಎಣ್ಣೆ ಆಮದಿಗೆ ಬಾಗಿಲು ತೆರೆಯಿತು. ಅಗ್ಗದ ಎಣ್ಣೆ ಹಡಗಿನಲ್ಲಿ ಬಂತು. ಮೊದಲೇ ಮಳೆ ಕೈಕೊಟ್ಟ ಸೀಮೆ, ಶೇಂಗಾ ಬೆಳೆ ಕೈಗೆ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಎರಡೂ ಸೇರಿ ಎಷ್ಟೋ ಗಿರಣಿಗಳ ಸದ್ದು ನಿಂತಿತು. ಲೈಸೆನ್ಸಿನ ಕಾಲದಲ್ಲಿ ಸಣ್ಣವನನ್ನು ಕೇಳುವವರಿರಲಿಲ್ಲ. ಲೈಸೆನ್ಸ್ ಹೋದ ಕಾಲದಲ್ಲೂ ಸಣ್ಣವನನ್ನು ಕೇಳುವವರಿಲ್ಲ. ಬಾಗಿಲು ಮುಚ್ಚುವಾಗಲೂ ಅವನನ್ನು ಕೇಳಲಿಲ್ಲ, ತೆರೆಯುವಾಗಲೂ ಕೇಳಲಿಲ್ಲ.

ಉದ್ಯಮಿಗಳ ಪಕ್ಷ

ಆಮೇಲೆ ಇನ್ನೊಂದು ಬಗೆಯ ಪಕ್ಷಗಳು ಬಂದವು. ವ್ಯಾಪಾರದ ಪರವಾದ ಪಕ್ಷ ಹೋಗಿ ಉದ್ಯಮಿಯ ನೆರಳಿನ ಪಕ್ಷ ಬಂತು. ಇದರಲ್ಲೂ ನಮ್ಮ ಸೀಮೆಗೆ ಪಾಲಿದೆ. ನಾಯಕನಹಟ್ಟಿ ಇರುವುದು ಚಳ್ಳಕೆರೆ ತಾಲ್ಲೂಕಿನಲ್ಲಾದರೂ ಓಟು ಮೊಳಕಾಲ್ಮೂರು ಕ್ಷೇತ್ರಕ್ಕೆ. ಬಳ್ಳಾರಿಯ ಗಣಿ ರಾಜಕೀಯ ಕುಸಿದ 2011ರಲ್ಲಿ ಬಿ. ಶ್ರೀರಾಮುಲು ಬಿಜೆಪಿ ಬಿಟ್ಟು ಹೊರಬಂದು ಬಿಎಸ್‌ಆರ್ ಕಾಂಗ್ರೆಸ್ ಕಟ್ಟಿದರು. ಬಡವರ, ಶ್ರಮಿಕರ, ರೈತರ ಕಾಂಗ್ರೆಸ್ಸು. 2013ರ ಚುನಾವಣೆಯಲ್ಲಿ ರಾಜ್ಯದಲ್ಲಿ ನಾಲ್ಕೇ ಸ್ಥಾನ ಬಂತು. ಬಳ್ಳಾರಿ ಗ್ರಾಮಾಂತರ, ಕಂಪ್ಲಿ, ಕುಡಚಿ, ಮತ್ತೆ ನಮ್ಮ ಮೊಳಕಾಲ್ಮೂರು! ಇಲ್ಲಿ ಗೆದ್ದವರು ಎಸ್. ತಿಪ್ಪೇಸ್ವಾಮಿ.

ಮರುವರ್ಷ, 2014ರಲ್ಲಿ, ಶ್ರೀರಾಮುಲು ಬಿಜೆಪಿಗೆ ವಾಪಸು ಹೋದರು. ಪಕ್ಷದ ಕಥೆ ಮುಗಿಯಿತು. 2018ರಲ್ಲಿ ಅವರೇ ಬಿಜೆಪಿಯಿಂದ ಮೊಳಕಾಲ್ಮೂರಿಗೆ ಬಂದು ನಿಂತರು. ಟಿಕೆಟ್ ತಪ್ಪಿದ ತಿಪ್ಪೇಸ್ವಾಮಿಯವರ ಬೆಂಬಲಿಗರು ಇದೇ ನಾಯಕನಹಟ್ಟಿಯಲ್ಲಿ ಬೀದಿಗಿಳಿದು ಪ್ರತಿಭಟಿಸಿದರು. ಆದರೂ ಶ್ರೀರಾಮುಲು ಗೆದ್ದರು. ಐದು ವರ್ಷದ ಹಿಂದೆ ಓಟು ಹಾಕಿದ ಪಕ್ಷವೇ ಇರಲಿಲ್ಲ. ಮತದಾರ ಯಾರನ್ನು ಕೇಳಬೇಕು?

ಆಮೇಲೆ 2022ರ ಡಿಸೆಂಬರಿನಲ್ಲಿ ಗಣಿ ಉದ್ಯಮಿ ಜನಾರ್ದನ ರೆಡ್ಡಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿದರು. 2023ರಲ್ಲಿ ಗಂಗಾವತಿ ಒಂದೇ ಗೆಲುವು, ಗೆದ್ದವರು ಅವರೇ. 2024ರ ಮಾರ್ಚಿನಲ್ಲಿ ಬಿಜೆಪಿಯಲ್ಲಿ ವಿಲೀನ. ಸ್ವತಂತ್ರ ಪಕ್ಷ ಕರಗಲು ಹದಿನೈದು ವರ್ಷ ಬೇಕಾಯಿತು. ಇದಕ್ಕೆ ಹದಿನೈದು ತಿಂಗಳು ಸಾಕಾಯಿತು!

ಆ ಎರಡು ಕಾಲದ ವ್ಯತ್ಯಾಸ ನೋಡಿ. ಸ್ವತಂತ್ರ ಪಕ್ಷಕ್ಕೆ ತತ್ವ ಇತ್ತು, ಜನರ ಭಾಷೆ ಇರಲಿಲ್ಲ. ಈ ಹೊಸ ಪಕ್ಷಗಳಿಗೆ ಕನ್ನಡ ಚೆನ್ನಾಗಿ ಬರುತ್ತದೆ, ವೇದಿಕೆಯಲ್ಲಿ ಕೇಳಿದರೆ ಕಿವಿ ತುಂಬುತ್ತದೆ. ಆದರೆ ತತ್ವ ಎಲ್ಲಿ? ಬಿಲ್ ಬರೆಯುವ ಅಂಗಡಿಯವನ ಬಗ್ಗೆ, ನೇಕಾರನ ಬಗ್ಗೆ, ಗಿರಣಿಯ ಬಗ್ಗೆ ಒಂದು ನಿಲುವು ಎಲ್ಲಿ? ಒಬ್ಬ ನಾಯಕ ಮುನಿಸಿಕೊಂಡಾಗ ಹುಟ್ಟಿ, ಮುನಿಸು ಇಳಿದಾಗ ಸಾಯುವುದಕ್ಕೆ ಪಕ್ಷ ಎನ್ನಬೇಕೇ?

ಈಗ ಪಕ್ಷವೇ ಬೇಕಿಲ್ಲ!

ದೊಡ್ಡ ಉದ್ಯಮಕ್ಕೆ ಈಗ ಸ್ವಂತ ಪಕ್ಷವೇ ಬೇಕಿಲ್ಲ. ಎಲ್ಲ ಪಕ್ಷಗಳೂ ಅದರವೇ. 1985ರಲ್ಲಿ ಕಂಪನಿ ದೇಣಿಗೆಗೆ ಮತ್ತೆ ಅನುಮತಿ ಸಿಕ್ಕಿತು. 2018ರಲ್ಲಿ ಯಾರು ಕೊಟ್ಟರೆಂದು ಮತದಾರನಿಗೆ ತಿಳಿಯದ ಚುನಾವಣಾ ಬಾಂಡ್ ಬಂತು. ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಲು 2024ರ ಫೆಬ್ರುವರಿ 15 ಬರಬೇಕಾಯಿತು. ಕರಪತ್ರದ ಕೆಳಗೆ ಬಡ ಮುದ್ರಕನ ಹೆಸರು, ವಿಳಾಸ ಕಡ್ಡಾಯ. ಕೋಟಿ ಕೊಟ್ಟವನ ಹೆಸರು ಮಾತ್ರ ಆರು ವರ್ಷ ಗುಟ್ಟು!

ನೀವೇ ಕಣ್ಣಾರೆ ಕಂಡ ಎರಡು ಘಟನೆ ನೆನಪಿಸುತ್ತೇನೆ. 2024ರ ಜುಲೈ 15ರಂದು ನಮ್ಮ ರಾಜ್ಯದ ಸಚಿವ ಸಂಪುಟ, ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಕೆಲಸ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆಡಳಿತ ಹುದ್ದೆಗಳಲ್ಲಿ ನೂರಕ್ಕೆ 50, ಉಳಿದ ಹುದ್ದೆಗಳಲ್ಲಿ ನೂರಕ್ಕೆ 70. ಸರೋಜಿನಿ ಮಹಿಷಿ ಸಮಿತಿ ಅಂತಿಮ ವರದಿ ಕೊಟ್ಟ 1986ರಿಂದ ಕನ್ನಡಿಗರು ಕಾಯುತ್ತಿದ್ದ ಮಾತು. ದೊಡ್ಡ ಉದ್ಯಮಿಗಳು, ಸಾಫ್ಟ್‌ವೇರ್ ಕಂಪನಿಗಳ ಸಂಘ ನ್ಯಾಸ್ಕಾಂ ವಿರೋಧ ಹೇಳಿಕೆ ಕೊಟ್ಟರು. ಜುಲೈ 17ರಂದು ಮಸೂದೆ ಬದಿಗೆ ಸರಿಯಿತು. ಎರಡೇ ದಿನ! ಚುನಾವಣೆ ಬೇಕಾಗಲಿಲ್ಲ, ಮೆರವಣಿಗೆ ಬೇಕಾಗಲಿಲ್ಲ, ನಕ್ಷತ್ರದ ಗುರುತು ಬೇಕಾಗಲಿಲ್ಲ.

ಮರುವರ್ಷ, 2025ರ ಜುಲೈನಲ್ಲಿ, ಬೇಕರಿ, ಕಾಂಡಿಮೆಂಟ್ಸ್, ತರಕಾರಿ, ಹಾಲಿನ ಅಂಗಡಿಯವರಿಗೆ ಯುಪಿಐ ಲೆಕ್ಕ ಹಿಡಿದು ತೆರಿಗೆ ನೋಟಿಸು ಬಂತು. ಸಣ್ಣ ವ್ಯಾಪಾರಿಗಳು ಬೆದರಿ "ಯುಪಿಐ ಇಲ್ಲ, ನಗದು ಮಾತ್ರ" ಎಂದು ಚೀಟಿ ಅಂಟಿಸಿದರು. ಅಂಗಡಿ ಮುಚ್ಚಿ ಬೀದಿಗೆ ಬರುತ್ತೇವೆ ಎಂದ ಮೇಲೆ ಮುಖ್ಯಮಂತ್ರಿಗಳು ಸಭೆ ಕರೆದರು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂಬ ಭರವಸೆ ಕೊಟ್ಟರು. ದೊಡ್ಡವನ ಒಂದು ಹೇಳಿಕೆಗೆ ಸಿಕ್ಕಿದ್ದನ್ನು ಪಡೆಯಲು ಸಣ್ಣವನು ಅಂಗಡಿ ಮುಚ್ಚುವ ಬೆದರಿಕೆ ಹಾಕಬೇಕಾಯಿತು. ಇದೇ ಗೆಳೆಯರೇ, ಪಕ್ಷ ಇಲ್ಲದವನ ಪಾಡು. ನಕ್ಷತ್ರ ಉದುರಿದ ಜಾಗದಲ್ಲಿ ಈಗಲೂ ಕತ್ತಲೆಯೇ ಇದೆ.

ನಮ್ಮ ತಪ್ಪೂ ಇದೆ

ಈಗ ನಮ್ಮವರ ಮೇಲೂ ಒಂದು ಮಾತು ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ. ಕನ್ನಡ ಚಳವಳಿ ನಾಮಫಲಕದಲ್ಲಿ ನೂರಕ್ಕೆ 60 ಕನ್ನಡ ಬೇಕೆಂದು ಹೋರಾಡಿತು. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಯಲ್ಲಿ ದೊಡ್ಡ ಹೋರಾಟ ಆಯಿತು, 2024ರಲ್ಲಿ ಕಾಯಿದೆಗೆ ತಿದ್ದುಪಡಿ ಬಂತು. ಸರಿಯಾದ ಹೋರಾಟ. ಆದರೆ ಬೋರ್ಡಿನ ಮೇಲೆ ಕಣ್ಣಿಟ್ಟ ನಾವು ಬೋರ್ಡಿನ ಕೆಳಗೆ ಕುಳಿತವನನ್ನು ನೋಡಿದೆವೇ? ಬೋರ್ಡು ಕನ್ನಡ ಆಯಿತು, ಒಳಗಿನ ಬಿಲ್ಲು?

ನನ್ನ ಪ್ರೆಸ್ಸಿನ ಲೆಕ್ಕ ಹೇಳುತ್ತೇನೆ. ಒಂದು ಕಾಲಕ್ಕೆ ಕಿರಾಣಿ, ಬಟ್ಟೆ, ಗೊಬ್ಬರ, ಎಲ್ಲ ಅಂಗಡಿಯವರೂ ಕನ್ನಡದಲ್ಲಿ ಬಿಲ್ ಬುಕ್ಕು ಅಚ್ಚು ಹಾಕಿಸುತ್ತಿದ್ದರು. "ಶ್ರೀ ಗುರು ತಿಪ್ಪೇರುದ್ರಸ್ವಾಮಿ ಪ್ರಸನ್ನ" ಎಂದು ಮೇಲೆ, "ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ" ಎಂದು ಕೆಳಗೆ. 2017ರ ಜುಲೈ 1ರಂದು ಜಿಎಸ್‌ಟಿ ಬಂತು. ಕಂಪ್ಯೂಟರು ಬಂತು. ಬಿಲ್ಲು ಇಂಗ್ಲಿಷಾಯಿತು. ಬಿಲ್ಲು ಇಂಗ್ಲಿಷಿನಲ್ಲೇ ಇರಬೇಕೆಂದು ಜಿಎಸ್‌ಟಿ ನಿಯಮ ಹೇಳುವುದಿಲ್ಲ. ಹೇಳಿದ್ದು ಸಾಫ್ಟ್‌ವೇರು, ಒಪ್ಪಿದ್ದು ನಾವು. ನನ್ನ ವ್ಯಾಪಾರ ಕಡಿಮೆಯಾಯಿತು ಎಂದು ಅಳುತ್ತಿಲ್ಲ. ಕಾಲ ಬದಲಾದರೆ ಮಿಷನ್ನೂ ಬದಲಾಗುತ್ತದೆ. ಆದರೆ ತಾನು ಕೊಟ್ಟ ಬಿಲ್ಲನ್ನು ತಾನೇ ಓದಲಾರದ ಅಂಗಡಿಯವನನ್ನು ನಾನು ದಿನಾ ನೋಡುತ್ತೇನೆ. ಆ ಸಾಫ್ಟ್‌ವೇರನ್ನು ಕನ್ನಡದಲ್ಲಿ ಬರೆಯಬಲ್ಲವರು ಯಾರು? ಬೆಂಗಳೂರಿನ ನೀವು!

ನಮ್ಮ ಊರಿನ ಮಾತು

ನಾಯಕನಹಟ್ಟಿಯ ತೇರು ನೋಡಲು ಬನ್ನಿ. ತೇರಿನ ದಿನ ಮುಕ್ತಿ ಬಾವುಟ ಹರಾಜಾಗುತ್ತದೆ. ಲಕ್ಷ ಲಕ್ಷಕ್ಕೆ ಕೂಗುತ್ತಾರೆ. ಅದು ಭಕ್ತಿಯ ಹರಾಜು, ಆ ಹಣ ದೇವರಿಗೆ. ಅದಕ್ಕೆ ಕೈ ಮುಗಿಯೋಣ. ಆದರೆ ಪಕ್ಷದ ಬಾವುಟವೂ ಹಾಗೇ ಹೆಚ್ಚು ಕೂಗಿದವನ ಪಾಲಾದರೆ?

ನಮ್ಮ ತಿಪ್ಪೇರುದ್ರಸ್ವಾಮಿಗಳು ಮಠದಲ್ಲಿ ಕೂತು ಬರೀ ಉಪದೇಶ ಕೊಟ್ಟವರಲ್ಲ. ಈ ಬರದ ಸೀಮೆಯಲ್ಲಿ ಜನರನ್ನು ಕೂಡಿಸಿ ಕೆರೆ ಕಟ್ಟಿಸಿದವರು. ಕೆರೆಯ ಕೆಲಸಕ್ಕೆ ಬಂದವರು ಎಷ್ಟು ದುಡಿದರೋ ಅಷ್ಟು ಕೂಲಿ ಅವರ ಕೈ ಸೇರುತ್ತಿತ್ತು ಎಂದು ನಮ್ಮ ಹಿರಿಯರು ಹೇಳುತ್ತಾರೆ. "ಮಾಡಿದಷ್ಟು ನೀಡು ಭಿಕ್ಷೆ" ಎಂಬುದು ಅವರ ಮಾತೆಂದು ಈ ಸೀಮೆಯ ಮಕ್ಕಳಿಗೂ ಗೊತ್ತು. ವ್ಯಾಪಾರದ ಸ್ವಾತಂತ್ರ್ಯ ಎಂದರೆ ಇದಕ್ಕಿಂತ ಸರಳವಾಗಿ ಹೇಳಲು ಸಾಧ್ಯವೇ? ದುಡಿದವನ ಪಾಲನ್ನು ದಲ್ಲಾಳಿ ತಿನ್ನಬಾರದು, ಗುಮಾಸ್ತ ತಿನ್ನಬಾರದು, ಗುರುತಿಲ್ಲದ ದೊಡ್ಡ ಸಾಹುಕಾರನೂ ತಿನ್ನಬಾರದು. ಸ್ವತಂತ್ರ ಪಕ್ಷ ಈ ಮಾತನ್ನು ಇಂಗ್ಲಿಷಿನಲ್ಲಿ ಹುಡುಕಿ ಸೋತಿತು. ಅದು ನಮ್ಮೂರ ಮಠದ ಬಾಗಿಲಲ್ಲೇ ಕನ್ನಡದಲ್ಲಿ ಕಾದು ಕುಳಿತಿತ್ತು.

ಹೊಸ ಪಕ್ಷ ಕಟ್ಟಿ ಎಂದು ನಾನು ಹೇಳುವುದಿಲ್ಲ. ಕಟ್ಟಿದ ಪಕ್ಷಗಳ ಗತಿ ಹೇಳಿಯಾಯಿತು. ಮೊದಲು ಬೇರು ಬಿಡೋಣ. ನಿಮ್ಮ ಬಡಾವಣೆಯಲ್ಲಿ ಅಂಗಡಿ ನಡೆಸುವ ಕನ್ನಡಿಗನ ಹೆಸರು ನಿಮಗೆ ಗೊತ್ತಿದೆಯೇ? ಗೊತ್ತು ಮಾಡಿಕೊಳ್ಳಿ. ಅವನ ಬಳಿ ಕನ್ನಡದಲ್ಲಿ ಬಿಲ್ಲು ಕೇಳಿ. ಅವನಿಗೆ ಬಂದ ನೋಟಿಸನ್ನು ಕನ್ನಡದಲ್ಲಿ ಓದಿ ಹೇಳಿ. ಲೈಸೆನ್ಸು, ತೆರಿಗೆ, ಸಾಲ, ಮೂರೂ ಫಾರಂ ಕನ್ನಡದಲ್ಲಿ ಬರುವ ತನಕ ಕಚೇರಿಯ ಬಾಗಿಲು ಬಿಡಬೇಡಿ. ಓಟು ಕೇಳಲು ಬಂದವರಿಗೆ ಒಂದೇ ಪ್ರಶ್ನೆ ಹಾಕಿ. "ದೊಡ್ಡ ಕಂಪನಿಯ ಮಾತು ಎರಡು ದಿನದಲ್ಲಿ ಕೇಳಿದಿರಿ. ನಮ್ಮ ಅಂಗಡಿಯವನ ಮಾತು ಎಷ್ಟು ದಿನದಲ್ಲಿ ಕೇಳುತ್ತೀರಿ?"

ಉತ್ತರ ಬರುವ ತನಕ ಕೇಳುತ್ತಲೇ ಇರಿ. ಕನ್ನಡದಲ್ಲೇ ಕೇಳಿ. ಆ ಪ್ರಶ್ನೆಯನ್ನು ಕರಪತ್ರ ಮಾಡುವುದಾದರೆ ನಾಯಕನಹಟ್ಟಿಗೆ ಬನ್ನಿ, ನಾನು ಅಚ್ಚು ಹಾಕಿ ಕೊಡುತ್ತೇನೆ. ಕೆಳಗೆ ನನ್ನ ಹೆಸರು, ವಿಳಾಸ ಇದ್ದೇ ಇರುತ್ತದೆ. ಭಯವಿಲ್ಲ.

ಸಿರಿಗನ್ನಡಂ ಗೆಲ್ಗೆ!